ಆಟಿಯಲ್ಲಿ ಹುಟ್ಟಿದ ಕರಡು

‘ಸಕಾಲದಲ್ಲಿ ಸೂಕ್ತ ನಿರ್ಧಾರ.’ ಗುಡ್ಡ, ಕಡಲು ಉಳಿಸುವ ಕಾಯ್ದೆ ಯಾವಾಗ ಎಂದು ಕೇಳಿದರೆ ಸರಕಾರದವರ ಉತ್ತರ ಇದೇ, ಮೊನ್ನೆಯೂ ಪೇಪರಿನಲ್ಲಿ ಓದಿದೆ. ಈ ಸಕಾಲ ಯಾವ ಪಂಚಾಂಗದಲ್ಲಿ ಉಂಟು ಮಾರಾಯ್ರೆ?

ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಮದುಮಗಳೂ ತವರಲ್ಲಿ ಕೂರುತ್ತಾಳೆ. ದೆಹಲಿಯವರಿಗೆ ಇದೆಲ್ಲ ಎಲ್ಲಿ ಗೊತ್ತು! ಪಶ್ಚಿಮ ಘಟ್ಟದ ಊರುಗಳನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸುವ ಕೇಂದ್ರದ ಅಧಿಸೂಚನೆಯ ಆರನೇ ಕರಡು ಹೊರಬಿದ್ದದ್ದು 2024ರ ಜುಲೈ 31ಕ್ಕೆ, ಆಟಿಯ ನಟ್ಟನಡುವೆ. ವಯನಾಡಿನಲ್ಲಿ ಗುಡ್ಡ ಜಾರಿದ್ದು 30ರ ನಸುಕಿಗೆ. ಮರುದಿನವೇ ಕರಡು! ಏನು ಚುರುಕು! 2014ರಿಂದ ಐದು ಸಲ ಹುಟ್ಟಿ ಐದು ಸಲವೂ ಅಂತಿಮವಾಗದೆ ಹಾಗೇ ತೀರಿಕೊಂಡದ್ದಕ್ಕೆ ಇದು ಆರನೆಯ ಜನ್ಮ. ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕದ ಸಚಿವ ಸಂಪುಟ ‘ಬೇಡ’ ಎಂದಿತು. ಘಟ್ಟದ ಬುಡದ ಊರುಗಳಲ್ಲಿ ಪಟಾಕಿಯೊಂದು ಬಾಕಿ. ಅವರ ಹೆದರಿಕೆ ಸುಳ್ಳಲ್ಲ; ತೋಟ ಹೋಗುತ್ತದೋ ಇಲ್ಲವೋ ಎಂದು ಕೂತು ವಿವರಿಸಲು ಹತ್ತು ವರ್ಷದಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ.

ಅಮೆರಿಕದವರ ಉಪಾಯ ಕೇಳಿ. 2009ರಲ್ಲಿ ಅವರ ಹವಾಮಾನ ಮಸೂದೆ ಕೆಳಮನೆಯಲ್ಲಿ 219–212ರಲ್ಲಿ ದಾಟಿತು, ಸೆನೆಟಿನಲ್ಲಿ ಮುಳುಗಿತು. 2022ರಲ್ಲಿ ಹವಾಮಾನದ ವಿಷಯ ಮತ್ತೆ ತಂದಾಗ ಹೆಸರೇ ಬೇರೆ: ಹಣದುಬ್ಬರ ತಗ್ಗಿಸುವ ಕಾಯ್ದೆ! ಸೆನೆಟಿನಲ್ಲಿ ಐವತ್ತಕ್ಕೆ ಐವತ್ತು, ಉಪಾಧ್ಯಕ್ಷೆಯ ಒಂದು ಓಟಿನಿಂದ ಪಾಸು. ನಾವೂ ‘ಅಡಿಕೆ ಬೆಂಬಲ ಬೆಲೆ ಕಾಯ್ದೆ’ ಅಂತ ಹೆಸರಿಟ್ಟು ಒಳಗೆ ಮೆಲ್ಲ ಗುಡ್ಡ, ನದಿ, ಕಡಲು ತುರುಕಿದರೆ ಸರ್ವಾನುಮತ ಗ್ಯಾರಂಟಿ. ಊರೂರಲ್ಲಿ ಫ್ಲೆಕ್ಸ್ ಬೇರೆ.

ಅಲ್ಲಿಯವರೆಗೆ ಮುಹೂರ್ತ ಹುಡುಕುವುದೇ ಕೆಲಸ. ಮಳೆಗಾಲದಲ್ಲಿ ಕೇಳಿದರೆ ‘ಹೆಣದ ಮೇಲೆ ರಾಜಕೀಯ ಬೇಡ’. ಮಳೆ ನಿಂತರೆ ಬ್ರಹ್ಮಕಲಶ, ಕಂಬಳ. ವೇದಿಕೆಯಲ್ಲಿ ಮೂವತ್ತು ಕುರ್ಚಿ, ಮೂವತ್ತು ಶಾಲು, ಕೋಣ ಓಡಿ ಮುಗಿದರೂ ಸ್ವಾಗತ ಭಾಷಣ ಮುಗಿಯುವುದಿಲ್ಲ. ಆಮೇಲೆ ನೀತಿ ಸಂಹಿತೆ. ಸುಪ್ರೀಂ ಕೋರ್ಟು 2024ರಲ್ಲೇ ಹೇಳಿಯಾಗಿದೆ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಬಿಡುಗಡೆ ಜನರ ಹಕ್ಕು ಎಂದು. ಆ ಹಕ್ಕಿಗೊಂದು ಪ್ರತ್ಯೇಕ ಕಾಯ್ದೆ? ಅವಸರ ಯಾಕೆ, ಉಗುಳಿದಷ್ಟೇ ಇಂಗಾಲ ಹೀರಿ ಲೆಕ್ಕ ಸೊನ್ನೆ ಮಾಡುವ ನೆಟ್ ಝೀರೋಗೆ 2070ರವರೆಗೆ ಟೈಮ್ ಉಂಟಲ್ಲ.

ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲೆಂದು ಕಡಲಿಗೆ ಕಲ್ಲು ಸುರಿಯುತ್ತಿದ್ದಾರೆ. ಮಳೆ ಬಂದ ಮೇಲೆ. ಎಲ್ಲೋ ಗುಡ್ಡ ಒಡೆದ ಕಲ್ಲು. ಗುಡ್ಡವೂ ಹೋಯಿತು, ಕಲ್ಲೂ ಹೋಯಿತು, ಬಿಲ್ಲು ಮಾತ್ರ ಪಾಸು. ನಗುವುದಕ್ಕೂ ಸುಸ್ತಾಗಿದೆ, ನಾಚಿಕೆಯಾದರೂ ಬೇಡವಾ ಇವರಿಗೆ?

ಅಲ್ಲೊಂದು ಮನೆಯ ಅಡುಗೆಕೋಣೆಯ ಅರ್ಧ ಗೋಡೆ ನೀರಿಗೆ ಬಿದ್ದಿದೆ. ಕಡೆಯುವ ಕಲ್ಲು ಅಂಚಿನಲ್ಲಿ ಓರೆಯಾಗಿ ಕೂತಿದೆ. “ಆಟಿ ಕಳೆದ ಮೇಲೆ ನೋಡುವ ಅಂದಿದ್ದಾರಣ್ಣ,” ಎಂದ ಹೆಂಗಸು ಗ್ಯಾಸ್ ಸಿಲಿಂಡರನ್ನು ಜಗಲಿಗೆ ಉರುಳಿಸಿಕೊಂಡು ಹೋದರು.