ಮೊಣಕಾಲು ನೋಡಿಕೊಂಡು ಕುಣಿಯಿರಿ

ರಭಸವಾಗಿ ಉಸಿರಾಡಿ, ಕೂಗಾಡಿ, ಕುಪ್ಪಳಿಸಿ, ಸ್ತಬ್ಧವಾಗಿ ನಿಂತು, ಕೊನೆಗೆ ಕುಣಿಯುವ ಧ್ಯಾನಗುರು ಓಶೋ ಅವರ ಡೈನಾಮಿಕ್ ಧ್ಯಾನವನ್ನು ಯಾರು ಬೇಕಾದರೂ ಮಾಡಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸ್ವಾಮಿ. ಹಾಸನದ ನಮ್ಮನೆ ತಾರಸಿಯಲ್ಲಿ ಬರಿಗಾಲಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿ, ಕೈಯೆತ್ತಿ ‘ಹೂ ಹೂ’ ಅಂತ ದಿನಾ 10 ನಿಮಿಷ ಕುಪ್ಪಳಿಸಿದೆ. ನಾಲ್ಕನೇ ದಿನ ಮೊಣಕಾಲು ಊದಿ, ಮೆಟ್ಟಿಲು ಕೂತುಕೊಂಡೇ ಇಳಿದೆ! ಈಗ ಒಳಗೆ, ಜಾರದ ದಪ್ಪ ಮ್ಯಾಟ್ ಮೇಲೆ ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಅಷ್ಟೇ.

ಈ ಧ್ಯಾನದ ಮೊದಲ 10 ನಿಮಿಷದ ರಭಸದ ಉಸಿರಾಟ ಇನ್ನೂ ನಾಜೂಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮ್ಮೆನ್ನುತ್ತೆ. ತಲೆ ಸುತ್ತಿದರೆ ನಿಲ್ಲಿಸಿ ಕೂತುಬಿಡಿ. ಬಿಪಿ, ಹೃದಯದ ತೊಂದರೆ, ಮೂರ್ಛೆರೋಗ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಕೈಹಾಕಬೇಡಿ. ಅಕ್ಕಿರೊಟ್ಟಿ ತಿಂದ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಅಂದಹಾಗೆ, ಅಕ್ಕಪಕ್ಕದವರಿಗೂ ಮೊದಲೇ ಹೇಳಿಡಿ. ನಮ್ಮ ಕೆಳಮನೆ ಅಜ್ಜಿ ಮಂಗ ಬಂತು ಅಂತ ಕೋಲು ಹಿಡಿದು ಬಂದಿದ್ದರು.