ಸೋಲಾರ್‌ಗೆ ಗುತ್ತಿಗೆ ಕೊಟ್ಟರೆ ಜಮೀನು ಕೈಬಿಟ್ಟು ಹೋಗುತ್ತದೆಯೇ?

ಸೋಲಾರ್ ಪಾರ್ಕ್ ಬರುತ್ತದೆ ಎಂದ ಕೂಡಲೇ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: ಸಹಿ ಹಾಕಿದ ದಿನವೇ ಪಹಣಿಯಿಂದ ರೈತರ ಹೆಸರು ಹೋಗುತ್ತದೆ ಎಂದು. ಇದು ತಪ್ಪು. ಗುತ್ತಿಗೆ ಬೇರೆ, ಕ್ರಯ ಬೇರೆ. ಗುತ್ತಿಗೆಯಲ್ಲಿ ಕೊಡುವುದು ಬಳಸುವ ಹಕ್ಕು ಮಾತ್ರ, ಅದೂ ಇಂತಿಷ್ಟು ವರ್ಷಕ್ಕೆ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಇದೆ. ರೈತರ ಜಮೀನನ್ನು ಕೊಂಡಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ.

ಹಾಗಂತ ಭಯಪಟ್ಟವರನ್ನು ದೂರಬೇಡಿ. ಜಮೀನು ಅಂದ್ರೆ ಸುಮ್ನೆ ಮಾತಲ್ಲ, ಅಲ್ವಾ? ಗುತ್ತಿಗೆ ಹಣ ಮಾಲೀಕರಿಗೆ ಮಾತ್ರ ಸಿಗುತ್ತದೆ. ಜಮೀನಿಲ್ಲದ ಕೂಲಿಯವರಿಗೆ ಕೆಲಸ ಕಡಿಮೆಯಾಗುವುದು ನಿಜವಾದ ಚಿಂತೆ. ನನಗಂತೂ ಅದರ ಬಗ್ಗೆಯೇ ಜಾಸ್ತಿ ಮಾತಾಡಬೇಕು ಅನಿಸುತ್ತದೆ.

ಪಹಣಿಯಲ್ಲಿ ಹೆಸರು ಉಳಿದಿದೆಯೇ ಎಂದು ಪರೀಕ್ಷಿಸುವುದು ಸುಲಭ. ಸರ್ವೆ ನಂಬರ್ ಹಾಕಿ ಪಹಣಿ ತೆಗೆಯಿರಿ. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣಗಳು ಇರುತ್ತವೆ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಹಾಗಾಗಿ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನೂ (ಇಸಿ) ಉಪನೋಂದಣಿ ಕಚೇರಿಯಿಂದ ಪಡೆಯಿರಿ. ಸಹಿಗೆ ಮೊದಲು ಕರಾರನ್ನು ಪೂರ್ತಿ ಓದಿಸಿ ಕೇಳಿ: ಎಷ್ಟು ವರ್ಷ, ಬಾಡಿಗೆ ಏರಿಕೆ ಹೇಗೆ, ಬೇರೆಯವರಿಗೆ ಒಳಗುತ್ತಿಗೆ ಕೊಡಬಹುದೇ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ತೆಗೆಯುವವರು ಯಾರು?