ಸ್ಕಾಲರ್‌ಶಿಪ್‌ನಲ್ಲಿ ಆನರ್ಸ್

2024ರಲ್ಲಿ ನಮ್ಮ ರಾಜ್ಯ ಸರ್ಕಾರ ನಾಲ್ಕು ವರ್ಷದ ಆನರ್ಸ್ ಪದವಿ ಕೈಬಿಟ್ಟು ಮತ್ತೆ ಮೂರೇ ವರ್ಷಕ್ಕೆ ಬಂತಲ್ಲ, ಸ್ವಲ್ಪ ಆತುರವಾಯಿತು. ಆ ನಾಲ್ಕನೇ ವರ್ಷಕ್ಕೆ ಹೇಳಿ ಮಾಡಿಸಿದಂಥ ವಿಷಯ ಇತ್ತು: ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು. ಮಕ್ಕಳು ಅದನ್ನು ಹೇಗೂ ವರ್ಷಪೂರ್ತಿ ಕಲಿಯುತ್ತಿದ್ದಾರೆ. ಅಂಕ ಕೊಡುವುದೊಂದೇ ಬಾಕಿ.

ಪಾಠ ಶುರುವಾಗುವುದು ನಾಡಕಚೇರಿಯಲ್ಲಿ. ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರನ್ನು ಎಸ್‌ಎಸ್‌ಪಿ ಅನ್ನುವ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ಗೆ ಹಾಕಬೇಕು. ಪತ್ರ ಕೊಟ್ಟಿದ್ದು ಸರ್ಕಾರ. ಕೇಳುತ್ತಿರುವುದೂ ಸರ್ಕಾರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚು ಹಾಕಿಸಿದ್ದೂ ಅದೇ, ಹೆಸರು ತಾಳೆಯಾಗುತ್ತಿಲ್ಲ ಅನ್ನುವುದೂ ಅದೇ. ಒಂದು ಇಲಾಖೆಯ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಅಂಚೆಯಣ್ಣನ ಕೆಲಸ ವಿದ್ಯಾರ್ಥಿಯದು. ಬಸ್ ಚಾರ್ಜೂ ಅವನದೇ.

ಆದಾಯ ಪತ್ರದ ಆಯಸ್ಸು ಐದು ವರ್ಷ. ಹತ್ತನೇ ಕ್ಲಾಸಿನಲ್ಲಿ ಮಾಡಿಸಿದ್ದರೆ ಸರಿಯಾಗಿ ಡಿಗ್ರಿಯ ಕೊನೆ ವರ್ಷಕ್ಕೆ ಮುಗಿಯುತ್ತದೆ. ಆಗ ಅಪ್ಪ ಇನ್ನೂ ಬಡವರಾಗಿಯೇ ಇದ್ದಾರೆ ಅಂತ ಹೊಸದಾಗಿ ತೋರಿಸಬೇಕು. ಹೊಲ ಅದೇ, ಸೊಸೈಟಿ ಸಾಲವೂ ಅದೇ. ಆದರೂ ಗ್ರಾಮ ಆಡಳಿತ ಅಧಿಕಾರಿ ಒಮ್ಮೆ ನೋಡಿ ಬರೆಯಬೇಕಲ್ವಾ?

ಜಾಸ್ತಿ ಜನ ಫೇಲಾಗುವುದು ಹೆಸರಿನ ಪೇಪರ್‌ನಲ್ಲಿ. ಅಂಕಪಟ್ಟಿಯಲ್ಲಿ ಮಂಜುನಾಥ ಕೆ., ಆಧಾರ್‌ನಲ್ಲಿ ಕೆ. ಮಂಜುನಾಥ. ಊರಿಗೆಲ್ಲ ಅವನು ಒಬ್ಬನೇ ಮಂಜ. ಪೋರ್ಟಲ್‌ಗೆ ಮಾತ್ರ ಇಬ್ಬರು. ಒಬ್ಬನಿಗೆ ಅಂಕ ಇದೆ, ಇನ್ನೊಬ್ಬನಿಗೆ ಬ್ಯಾಂಕ್ ಖಾತೆ ಇದೆ. ದುಡ್ಡು ಇಬ್ಬರಿಗೂ ಇಲ್ಲ.

ಪ್ರಾಕ್ಟಿಕಲ್ ನಡೆಯುವುದು ಸೈಬರ್ ಸೆಂಟರ್‌ನಲ್ಲಿ. ಸರ್ವರ್ ಎದ್ದ ಗಳಿಗೆ ನೋಡಿ ಕೂರಬೇಕು. ಎಲ್ಲ ತುಂಬಿದ ಮೇಲೆ ಓಟಿಪಿ ಹೋಗುವುದು ಅಪ್ಪನ ಕೀಪ್ಯಾಡ್ ಫೋನಿಗೆ. ಅಪ್ಪ ಹೊಲದಲ್ಲಿ.

"ಅಪ್ಪಾ, ಒಂದು ಮೆಸೇಜ್ ಬಂದಿದೆ ನೋಡು, ಆರು ನಂಬರ್ ಇರುತ್ತೆ, ಬೇಗ ಹೇಳು."

"ಯಾರು ಕೇಳಿದರೂ ಆ ನಂಬರ್ ಹೇಳಬೇಡ ಅಂತ ನೀನೇ ಹೇಳಿದ್ದೆಯಲ್ಲೋ?"

ಅಪ್ಪನಿಗೆ ಪೂರ್ತಿ ಅಂಕ. ಮಗನಿಗೆ ಟೈಮ್ ಔಟ್.

ವೈವಾ ಬ್ಯಾಂಕಿನಲ್ಲಿ. "ಆಧಾರ್ ಲಿಂಕ್ ಆಗಿದೆ, ಸೀಡಿಂಗ್ ಆಗಿಲ್ಲ" ಅನ್ನುತ್ತಾರೆ. ಲಿಂಕ್ ಅಂದರೆ ಬ್ಯಾಂಕಿಗೆ ನಿಮ್ಮ ಆಧಾರ್ ಗೊತ್ತು. ಸೀಡಿಂಗ್ ಅಂದರೆ ಆಧಾರ್ ನೋಡಿ ಖಾತೆಗೆ ದುಡ್ಡು ದಾಟಿಸುವ ಸಂಸ್ಥೆ ಎನ್‌ಪಿಸಿಐಗೆ ನಿಮ್ಮ ಬ್ಯಾಂಕ್ ಗೊತ್ತು. ಕೊನೆಗೆ ಸೀಡ್ ಆದ ಖಾತೆ ಯಾವುದೋ ದುಡ್ಡು ಬೀಳುವುದು ಅಲ್ಲಿಗೇ, ಅದರ ಪಾಸ್‌ಬುಕ್ ಎಲ್ಲಿದೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೂ ಸರಿ.

ಇನ್ನು ಮೊತ್ತದ ಮಾತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013ರಲ್ಲಿ ವಿದ್ಯಾಸಿರಿ ಬಂದಾಗ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಅಂತ ಲೆಕ್ಕ. ಉಳಿದ ಎರಡು ತಿಂಗಳು ಹೊಟ್ಟೆಗೂ ರಜೆ. ಆ ದುಡ್ಡಾದರೂ ಹಸಿವಾದಾಗ ಬರುತ್ತದಾ? ಮೆಸ್‌ನವರು "ಅರ್ಜಿ ಪರಿಶೀಲನೆಯಲ್ಲಿದೆ" ಅಂದರೆ ಅನ್ನ ಹಾಕಲ್ಲ.

ಆದರೆ ಈ ಆನರ್ಸ್ ಮುಗಿಸಿದವರಿಗೆ ಕೆಲಸದ ಚಿಂತೆ ಇರುವುದಿಲ್ಲ. ನಾಡಕಚೇರಿ ಎದುರು ಒಂದು ಮಳಿಗೆ ಹಿಡಿದು, ಕಂಪ್ಯೂಟರ್, ಜೆರಾಕ್ಸ್ ಮಷಿನ್ ಇಟ್ಟುಕೊಂಡರೆ ಮುಗಿಯಿತು. "ಇಲ್ಲಿ ಎಸ್‌ಎಸ್‌ಪಿ ಅರ್ಜಿ ಹಾಕಲಾಗುವುದು" ಅಂತ ಬೋರ್ಡ್ ಬರೆಸಿ. ಗಿರಾಕಿಗಳನ್ನು ಸರ್ಕಾರವೇ ಕಳಿಸುತ್ತದೆ.